ಕರೆಯುವ ಊರು, ತಿರುಗುವ ನಾಟಕ

ನಾಟಕವು ನಗರದ ವಿನೋದವೆಂದು ನಮ್ಮಲ್ಲಿ ಹಲವರು ಭಾವಿಸಿದ್ದೇವೆ. ಹೆಗ್ಗೋಡಿನ ಚರಿತ್ರೆಯು ಈ ಭಾವನೆಯನ್ನು ಸುಳ್ಳುಮಾಡುತ್ತದೆ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ಹುಟ್ಟಿತು. ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವೂ, 1985ರಲ್ಲಿ ‘ತಿರುಗಾಟ’ವೆಂಬ ಸಂಚಾರಿ ತಂಡವೂ ಏರ್ಪಟ್ಟುವು. ಯಕ್ಷಗಾನ ಮೇಳಗಳ ಸಂಚಾರಕ್ಕೆ ಸಲ್ಲುವ ಹೆಸರನ್ನೇ ಈ ತಂಡವು ಧರಿಸಿತು. ಮಳೆಗಾಲದಲ್ಲಿ ಅಭ್ಯಾಸ, ಅನಂತರ ಕೆಲವು ತಿಂಗಳ ಪ್ರವಾಸ, ಇದು ಅದರ ರೂಢಿಯ ಕ್ರಮ. ಹೀಗೆ ಕನ್ನಡದ ಕೃತಿಗಳೊಡನೆ ಷೇಕ್ಸ್‌ಪಿಯರನ ನಾಟಕಗಳೂ ಸಣ್ಣ ಊರುಗಳ ಜನರಿಗೆ ಕನ್ನಡದಲ್ಲಿಯೇ ದೊರೆತುವು. ಆದರೆ ಮುಂಬರುವ ಯಾವ ತಿರುಗಾಟವೂ ನಟರ ಶ್ರಮವೊಂದರಿಂದಲೇ ನಡೆಯಲಾರದು. ಆಯಾ ಊರಿನವರು ಆಹ್ವಾನಿಸಬೇಕು, ಆಟಕ್ಕೆ ಸ್ಥಳವನ್ನು ಒದಗಿಸಬೇಕು, ಬಂದು ಕುಳಿತು ನೋಡಬೇಕು. ಕರೆಯುವ ಊರಿಲ್ಲದಿದ್ದರೆ ತಿರುಗುವ ತಂಡವೂ ಉಳಿಯದು. ಆ ಹೊಣೆಯು ಪ್ರೇಕ್ಷಕರಾದ ನಮ್ಮದು.