ಸದಸ್ಯರ ಕ್ಲಬ್‌ಗಳ ಮುಚ್ಚುಗಡೆ (ಸಾಗರ, ಹೊಸನಗರ, ತೀರ್ಥಹಳ್ಳಿ)

ಚಂದಾ ಕಟ್ಟಿ ಸದಸ್ಯರಾದವರು ಆಟಕ್ಕೂ ಓದಿಗೂ ಹರಟೆಗೂ ಸೇರುವ ಸಂಸ್ಥೆಗೆ ಕರ್ನಾಟಕದಲ್ಲಿ ಕ್ಲಬ್, ಸಂಘ, ಮಂಡಳ, ಅಸೋಸಿಯೇಷನ್ ಎಂದು ಹಲವು ಹೆಸರುಗಳಿವೆ. ಇವುಗಳ ಹುಟ್ಟಿನ ಬಗ್ಗೆ ಸ್ಮರಣ ಸಂಚಿಕೆಗಳಲ್ಲಿ ಬೇಕಾದಷ್ಟು ಬರೆದಿದ್ದಾರೆ. ಮುಚ್ಚಿದ ಬಗೆಯನ್ನು ಬರೆದವರು ಕಡಿಮೆ, ಬರೆದಿದ್ದರಲ್ಲಿ ಗೊಂದಲ ಹೆಚ್ಚು. ಪೊಲೀಸರು ದಾಳಿ ಮಾಡಿ ಬೀಗ ಜಡಿದರೂ, ಮದ್ಯದ ಸನ್ನದು ನವೀಕರಣವಾಗದಿದ್ದರೂ, ವಾರ್ಷಿಕ ಲೆಕ್ಕಪತ್ರ ಸಲ್ಲಿಸದೆ ನೋಂದಣಿ ಜೀವ ಕಳೆದುಕೊಂಡರೂ, ಸದಸ್ಯರೇ ಮಹಾಸಭೆಯಲ್ಲಿ ಠರಾವು ಮಾಡಿ ವಿಸರ್ಜಿಸಿದರೂ ಸುದ್ದಿಯಲ್ಲಿ ಬರುವುದು 'ಕ್ಲಬ್ ಬಾಗಿಲು ಮುಚ್ಚಿತು' ಎಂಬ ಒಂದೇ ಮಾತು. ಈ ನಾಲ್ಕೂ ಬೇರೆ ಬೇರೆ ಸಂಗತಿಗಳು. ಸಂಸ್ಥೆ ನಿಜವಾಗಿ ಕೊನೆಗೊಳ್ಳುವುದು ಕಡೆಯದರಲ್ಲಿ ಮಾತ್ರ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ವ್ಯತ್ಯಾಸವನ್ನು ಬಿಡಿಸುವುದು ಈ ಲೇಖನದ ಉದ್ದೇಶ. ರಾಜ್ಯದ, ದೇಶದ ಕಾನೂನು ಈ ಊರುಗಳ ಮೇಲೆ ಬಿದ್ದ ಕಡೆ ಅದನ್ನೂ ಹೇಳಿದೆ.

ಹಿನ್ನೆಲೆ

ದೊಡ್ಡ ಊರುಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ಬೆಂಗಳೂರಿನ ದಂಡು ಪ್ರದೇಶದಲ್ಲಿ 1868ರಲ್ಲಿ ಯುನೈಟೆಡ್ ಸರ್ವಿಸ್ ಕ್ಲಬ್ ಹುಟ್ಟಿತು, ಅದೇ ಈಗಿನ ಬೆಂಗಳೂರು ಕ್ಲಬ್. ಬಿಳಿಯರ ಕ್ಲಬ್ಬಿನಲ್ಲಿ ಭಾರತೀಯರಿಗೆ ಜಾಗವಿಲ್ಲದ ಕಾಲದಲ್ಲಿ, 1917ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಸೆಂಚುರಿ ಕ್ಲಬ್ ಕಟ್ಟಿದರು. ಮೈಸೂರು ಸಂಸ್ಥಾನದ ತಾಲ್ಲೂಕು ಕೇಂದ್ರಗಳಲ್ಲಿ ಇದೇ ಮಾದರಿ ಕಿರಿದಾಗಿ ಇಳಿಯಿತು. ಒಂದು ಟೆನಿಸ್ ಕೋರ್ಟು, ಒಂದು ವಾಚನಾಲಯ, ಇಸ್ಪೀಟಿನ ಎರಡು ಮೇಜು; ಸದಸ್ಯರೆಂದರೆ ಅಮಲ್ದಾರರು, ಮುನ್ಸೀಫರು, ಡಾಕ್ಟರು, ವಕೀಲರು, ಅಡಿಕೆ ತೋಟವಿದ್ದ ಜಮೀನುದಾರರು. ಇವರಲ್ಲಿ ಅರ್ಧ ಮಂದಿ ವರ್ಗವಾಗಿ ಹೋಗುವವರು. ನಿಂತು ಉಳಿಯುವವರು ವಕೀಲರು ಮತ್ತು ಜಮೀನುದಾರರು. ಹಾಗಾಗಿ ಇಂಥ ಕ್ಲಬ್ಬಿನ ಆಯುಸ್ಸು ಸ್ಥಳೀಯ ಗೇಣಿ ಆದಾಯಕ್ಕೆ ಗಂಟು ಹಾಕಿಕೊಂಡಿತ್ತು.

ಸ್ವಾತಂತ್ರ್ಯ ಬಂದಾಗ ಈ ಲೋಕ ಮುಗಿಯಿತು ಎಂದು ಬರೆಯುವ ವಾಡಿಕೆಯಿದೆ. ಮಲೆನಾಡಿನ ಮಟ್ಟಿಗೆ ಇದನ್ನು ಒಪ್ಪುವುದು ಕಷ್ಟ. 1947ರಲ್ಲಿ ಗೇಣಿ ಪದ್ಧತಿ ಅಲುಗಲಿಲ್ಲ. ಸಾಗರ ತಾಲ್ಲೂಕಿನ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ. ಮರುವರ್ಷ ಆ ಹೋರಾಟದಲ್ಲಿದ್ದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದುಬಂದರು. ಉಳುವವನಿಗೆ ಭೂಮಿ ಎಂಬ ಮಾತು ಕಾನೂನಾಗಿ ಜಾರಿಗೆ ಬರಲು 1974ರ ಮಾರ್ಚ್ 1 ಆಗಬೇಕಾಯಿತು. ಗೇಣಿ ನಿಂತ ಮೇಲೆ ಹಳೆಯ ಕ್ಲಬ್ಬಿಗೆ ಸದಾ ಊರಲ್ಲೇ ಇದ್ದು ಹಣ ಹಾಕುತ್ತಿದ್ದ ಆಸರೆ ತಪ್ಪಿತು. ತಿರುವು ಎಂದು ಕರೆಯುವುದಾದರೆ ಈ ದಿನವನ್ನೇ ಕರೆಯಬೇಕು.

ಅದೇ ಕಾಲದಲ್ಲಿ ಇನ್ನೊಂದು ಬಗೆಯ ಕೂಟ ಬೆಳೆಯಿತು. ಹಳ್ಳಿಯ ಯುವಕ ಸಂಘಗಳು ಕಬಡ್ಡಿ, ವಾಲಿಬಾಲ್, ಗಣಪತಿ ಹಬ್ಬ, ನಾಟಕಗಳನ್ನು ಒಂದೇ ಚಂದಾ ಪುಸ್ತಕದಡಿ ನಡೆಸಿದವು. ಕೇಂದ್ರ ಸರ್ಕಾರ 1972ರಲ್ಲಿ ನೆಹರು ಯುವ ಕೇಂದ್ರಗಳನ್ನು ಆರಂಭಿಸಿದ ಮೇಲೆ ಇವುಗಳಿಗೆ ಸರ್ಕಾರದ ಕಡೆಯಿಂದ ಒಂದು ಕೊಂಡಿ ಸಿಕ್ಕಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಕೂಡ ಮೊದಲಿಗೆ ಊರಿನ ಹವ್ಯಾಸಿಗಳ ನಾಟಕ ಸಂಘವೇ. ಮುಂದೆ ಅದು 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಎಂದು ಬೆಳೆದದ್ದು ಬೇರೆಯೇ ಲೇಖನದ ವಿಷಯ. ಇಲ್ಲಿ ಹೇಳಬೇಕಾದದ್ದು ಇಷ್ಟು: ರಂಗಭೂಮಿಗೆ ದುಡಿಯುವ ಸಂಘ, ಷಟಲ್ ಆಡುವ ಕ್ಲಬ್, ಇಸ್ಪೀಟಿನ ರಿಕ್ರಿಯೇಷನ್ ಕ್ಲಬ್, ಮೂರೂ ನೋಂದಣಿಯಾಗುವುದು ಸಾಮಾನ್ಯವಾಗಿ ಒಂದೇ ಕಾಯ್ದೆಯಡಿ. ಹೊರಗಿನಿಂದ ನೋಡಿ ಇದು ಯಾವ ಬಗೆಯದೆಂದು ಹೇಳಲಾಗದಿರುವುದೇ ಮುಂದಿನ ಎಷ್ಟೋ ತಕರಾರುಗಳ ಬೇರು.

ನೋಂದಣಿ ಮತ್ತು ವಿಸರ್ಜನೆ

ಹಳೆಯ ದಾಖಲೆ ಹುಡುಕುವವರು ಎಡವುವುದು ಇಲ್ಲಿ. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಲ್ಲಿ ಸಂಘಗಳು ಬ್ರಿಟಿಷ್ ಭಾರತದ 1860ರ ಕಾಯ್ದೆಯಡಿ ನೋಂದಣಿಯಾದವು. ಘಟ್ಟದ ಮೇಲೆ, ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಈ ಮೂರು ತಾಲ್ಲೂಕುಗಳಲ್ಲಿ, ಸಂಸ್ಥಾನದ್ದೇ ಆದ 1904ರ ಕಾನೂನು ನಡೆಯುತ್ತಿತ್ತು. ಆಗುಂಬೆ ಘಾಟಿಯ ಎರಡು ಬದಿಯಲ್ಲಿ ಎರಡು ಕಾನೂನು ಎಂದಂತಾಯಿತು. ಏಕೀಕರಣದ ನಂತರ ಬಂದ 1960ರ ಸಂಘಗಳ ನೋಂದಣಿ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಆಯಿತು. ಹಾಗಾಗಿ ಹಳೆಯ ಕ್ಲಬ್ಬಿನ ಬೈಲಾದಲ್ಲಿ ನಮೂದಾದ ಕಾನೂನು ಒಂದು, ಇಂದು ಅದಕ್ಕೆ ಅನ್ವಯವಾಗುವುದು ಇನ್ನೊಂದು.

1960ರ ಕಾಯ್ದೆಯ ಪ್ರಕಾರ ಸಂಘ ಕಟ್ಟಲು ಕನಿಷ್ಠ ಏಳು ಮಂದಿ ಬೇಕು. ವರ್ಷಕ್ಕೊಮ್ಮೆ ಮಹಾಸಭೆ ಕರೆಯಬೇಕು. ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆಡಳಿತದ ಮೇಲೆ ದೂರು ಬಂದರೆ 25ನೇ ಕಲಮಿನಡಿ ವಿಚಾರಣೆ ನಡೆಯಬಹುದು. 27ಎ ಕಲಮಿನಡಿ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಬಹುದು. ಆಡಳಿತಾಧಿಕಾರಿ ಬಂದ ಕೂಡಲೇ 'ಕ್ಲಬ್ ಮುಚ್ಚಿತು' ಎಂಬ ಸುದ್ದಿ ಹಬ್ಬುವುದುಂಟು. ಆದರೆ ಇದು ಮುಚ್ಚುಗಡೆಗೆ ವಿರುದ್ಧವಾದ ಕ್ರಮ. ಸಂಘ ಬದುಕಿರಬೇಕು ಎಂದೇ ಅವರನ್ನು ಕೂರಿಸುವುದು. ಹೆಚ್ಚಿನ ಹಳ್ಳಿ ಸಂಘಗಳು ಇದ್ಯಾವುದಕ್ಕೂ ಸಿಕ್ಕದೆ ಸುಮ್ಮನೆ ಕರಗುತ್ತವೆ. ಕಾರ್ಯದರ್ಶಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುತ್ತಾನೆ, ಲೆಕ್ಕ ಕೊಡುವವರಿರುವುದಿಲ್ಲ, ನೋಂದಣಿ ಪುಸ್ತಕದಲ್ಲಿ ಮಾತ್ರ ಹೆಸರು ಉಳಿಯುತ್ತದೆ.

ನೀರು ಮತ್ತು ಕಂಪನಿ

ಊರೇ ಇಲ್ಲವಾದಾಗ ಊರಿನ ಕೂಟಗಳ ಗತಿ ಏನು ಎಂಬ ಪ್ರಶ್ನೆ ಸಾಗರ ಮತ್ತು ಹೊಸನಗರಕ್ಕೆ ವಿಶೇಷವಾಗಿ ಸಲ್ಲುತ್ತದೆ. ಶರಾವತಿಗೆ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರ ಹೊತ್ತಿಗೆ ನೀರು ಹಿಡಿಯಿತು. 1964ರಲ್ಲಿ ಲಿಂಗನಮಕ್ಕಿ ಬಂದು ಆ ಅಣೆಕಟ್ಟನ್ನೇ ಮುಳುಗಿಸಿತು. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಹಿನ್ನೀರಿನ ಊರುಗಳ ಜನ ಶಿವಮೊಗ್ಗ ಸುತ್ತಿನ ಕಾಡುಗಳಿಗೂ ಬೇರೆ ತಾಲ್ಲೂಕುಗಳಿಗೂ ಚದುರಿದರು. ಭಜನೆ, ಯಕ್ಷಗಾನ, ಊರ ಹಬ್ಬ ಎಂದು ನೆರೆಯವರ ಮೇಲೆ ನಿಂತಿದ್ದ ಕೂಟಗಳನ್ನು ಯಾವ ಠರಾವೂ ಮುಚ್ಚಲಿಲ್ಲ. ಕೋರಂ ಆಗುವಷ್ಟು ಜನ ಒಂದೆಡೆ ಉಳಿಯಲಿಲ್ಲ, ಅಷ್ಟೆ. ಪರಿಹಾರದ ಲೆಕ್ಕದಲ್ಲಿ ಮನೆ, ಗದ್ದೆ, ಮರಗಳಿಗೆ ಬೆಲೆ ಕಟ್ಟಿದರು. ಕೂಟಕ್ಕೆ ಬೆಲೆ ಕಟ್ಟುವ ಕಾಲಂ ಇರಲಿಲ್ಲ. ಮುಳುಗಡೆಯ ಬಗ್ಗೆ ಬರೆದವರು ಈ ನಷ್ಟಕ್ಕೆ ಕೊಟ್ಟ ಜಾಗ ತೀರ ಕಡಿಮೆ.

ಕಂಪನಿ ಕಟ್ಟಿಕೊಟ್ಟ ಕ್ಲಬ್ಬುಗಳನ್ನು ಸದಸ್ಯರ ಕ್ಲಬ್ಬಿನೊಂದಿಗೆ ಸೇರಿಸಿ ಎಣಿಸುವುದೂ ಒಂದು ತಪ್ಪು. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ನಿಂತಿತು. ಕುದುರೆಮುಖದ ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಶಿವಮೊಗ್ಗ ಜಿಲ್ಲೆಯದೇ ಆದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಇಂಥ ವಸಾಹತುಗಳಲ್ಲಿ ಕಟ್ಟಡ, ವಿದ್ಯುತ್, ಮೈದಾನ ಕಂಪನಿಯವು. ಸದಸ್ಯರ ಕೈಯಲ್ಲಿರುವುದು ಬಳಸುವ ಹಕ್ಕು ಮಾತ್ರ. ಅಲ್ಲಿ ಮುಚ್ಚುವ ನಿರ್ಧಾರ ಸದಸ್ಯರದಾಗಲು ಸಾಧ್ಯವೇ ಇಲ್ಲ.

ಇಸ್ಪೀಟಿನ ತಕರಾರು

ದಾಖಲೆ ಅತಿ ಹೆಚ್ಚು ಸಿಗುವುದೂ ವಾದ ಇನ್ನೂ ಮುಗಿಯದಿರುವುದೂ ಈ ವಿಷಯದಲ್ಲಿ. ಮೂಲ ಪ್ರಶ್ನೆ ಸರಳ: ಕ್ಲಬ್ಬಿನಲ್ಲಿ ಹಣ ಕಟ್ಟಿ ರಮ್ಮಿ ಆಡಿದರೆ ಅದು ಜೂಜೇ?

ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ಬಿನ ಮೇಲೆ 1963ರ ಮೇ 4ರಂದು ಪೊಲೀಸರು ದಾಳಿ ಮಾಡಿ, ರಮ್ಮಿ ಆಡುತ್ತಿದ್ದವರ ಜೊತೆ ಪದಾಧಿಕಾರಿಗಳ ಮೇಲೂ ಮೊಕದ್ದಮೆ ಹೂಡಿದರು. ಸುಪ್ರೀಂ ಕೋರ್ಟ್ 1967ರ ನವೆಂಬರ್ 22ರಂದು ಕೊಟ್ಟ ತೀರ್ಪು ಇಂದಿಗೂ ಎಲ್ಲ ಕ್ಲಬ್ಬುಗಳ ಆಧಾರ. ಮೂರೆಲೆಯಂತೆ ರಮ್ಮಿ ಬರೀ ಅದೃಷ್ಟದ ಆಟವಲ್ಲ; ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂಬ ಕೌಶಲ ಬೇಕು ಎಂದಿತು ನ್ಯಾಯಪೀಠ. ಎಲೆಗಳ ಖರ್ಚಿಗೆ, ಕೂರುವ ಅನುಕೂಲಕ್ಕೆ ಕ್ಲಬ್ ಒಂದಿಷ್ಟು ಶುಲ್ಕ ಪಡೆಯುವುದು ತಪ್ಪಲ್ಲ ಎಂದೂ ಹೇಳಿತು. ಜೊತೆಗೆ ಒಂದು ಎಚ್ಚರಿಕೆಯಿತ್ತು. ಪಣದ ಹಣದಿಂದ ಮನೆಯ ಒಡೆಯನೋ ಕ್ಲಬ್ಬೋ ಲಾಭ ಮಾಡಿಕೊಂಡರೆ ಮಾತು ಬೇರೆ. ಕ್ಲಬ್ಬಿನವರು ಈ ತೀರ್ಪಿನ ಮೊದಲರ್ಧವನ್ನು ಉದ್ಧರಿಸುತ್ತಾರೆ, ಪೊಲೀಸರು ಕೊನೆಯ ಸಾಲನ್ನು. ತೀರ್ಪು ಎರಡೂ ಸೇರಿದ್ದು.

ಕರ್ನಾಟಕದಲ್ಲಿ ಇದಕ್ಕೆ ಅನ್ವಯವಾಗುವುದು 1963ರ ಪೊಲೀಸ್ ಕಾಯ್ದೆ. ಜೂಜುಮನೆ ನಡೆಸುವುದಕ್ಕೂ ಅಲ್ಲಿ ಸಿಕ್ಕಿಬೀಳುವುದಕ್ಕೂ 79 ಮತ್ತು 80ನೇ ಕಲಮುಗಳಲ್ಲಿ ಶಿಕ್ಷೆಯಿದೆ. ಕೌಶಲದ ಆಟಕ್ಕೆ 176ನೇ ಕಲಮು ವಿನಾಯಿತಿ ಕೊಟ್ಟಿತ್ತು. ಸದಸ್ಯರು ರಮ್ಮಿ ಆಡಿದರೆ ಸರಿ, ಅದೇ ಮೇಜಿನಲ್ಲಿ ಅಂದರ್-ಬಾಹರ್ ಶುರುವಾದರೆ ತಪ್ಪು. ಸದಸ್ಯರಲ್ಲದವರು ಬಂದು ಕೂತರೆ ಅದು ಸದಸ್ಯರ ಕ್ಲಬ್ಬೇ ಎಂಬ ಪ್ರಶ್ನೆ. ಪೊಲೀಸರು ದಿನನಿತ್ಯ ತೊಂದರೆ ಕೊಡುತ್ತಾರೆಂದು ಹೈಕೋರ್ಟಿಗೆ ಹೋದ ಕ್ಲಬ್ಬುಗಳಿಗೆ ಸಿಕ್ಕ ಆದೇಶಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು: ಸದಸ್ಯರಿಗೆ ಗುರುತಿನ ಚೀಟಿ ಕೊಡಿ, ಸಿಸಿಟಿವಿ ಹಾಕಿ, ಹೊರಗಿನವರನ್ನು ಬಿಡಬೇಡಿ, ಪೊಲೀಸರು ಪರಿಶೀಲಿಸಬಹುದು, ಕಾನೂನಿಗೆ ಒಳಪಟ್ಟ ಆಟವನ್ನು ತಡೆಯುವಂತಿಲ್ಲ.

2021ರಲ್ಲಿ ಈ ಸಮತೋಲ ಕದಡಿತು. ಆಗ ಗೃಹ ಸಚಿವರಾಗಿದ್ದವರು ತೀರ್ಥಹಳ್ಳಿಯ ಶಾಸಕ ಆರಗ ಜ್ಞಾನೇಂದ್ರ. ಅವರು ಸೆಪ್ಟೆಂಬರ್‌ನಲ್ಲಿ ಮಂಡಿಸಿದ ತಿದ್ದುಪಡಿ ಅಕ್ಟೋಬರ್ 5ರಂದು ಜಾರಿಗೆ ಬಂತು. ಆನ್‌ಲೈನ್ ಆಟಗಳನ್ನು ಹಿಡಿಯುವುದು ಅದರ ಗುರಿ. ಆದರೆ ಕೌಶಲದ ಆಟಕ್ಕೆ ಹಣ ಕಟ್ಟುವುದನ್ನೂ ಅದು ಜೂಜಿನ ವ್ಯಾಖ್ಯೆಯೊಳಗೆ ತಂದಿತು. ಶಿಕ್ಷೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಹೈಕೋರ್ಟಿನ ವಿಭಾಗೀಯ ಪೀಠ 2022ರ ಫೆಬ್ರವರಿ 14ರಂದು ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಪತ್ರಿಕೆಗಳು ಈ ಪ್ರಕರಣವನ್ನು ಮೊಬೈಲ್ ಆಟದ ಕಂಪನಿಗಳ ವ್ಯಾಜ್ಯವೆಂದೇ ಬರೆದವು. ಊರಿನ ರಿಕ್ರಿಯೇಷನ್ ಕ್ಲಬ್ಬಿನ ರಮ್ಮಿ ಮೇಜಿನ ನೆಲೆಯೂ ಅದೇ ವ್ಯಾಖ್ಯೆಯ ಮೇಲೆ ನಿಂತಿತ್ತು ಎಂಬುದು ವರದಿಗಳಲ್ಲಿ ಹೆಚ್ಚಾಗಿ ಬರಲಿಲ್ಲ. ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿದ ಕಾಯ್ದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದು ಎದುರುಬದುರು ಕೂತು ಎಲೆ ಹಾಕುವ ಆಟಕ್ಕೆ ಸಂಬಂಧಿಸಿದ್ದಲ್ಲ.

ಹೆದ್ದಾರಿಯ ಅಳತೆ

ಕ್ಲಬ್ಬುಗಳಿಗೆ ಮದ್ಯದ ಸನ್ನದು ಕೊಡುವುದು ಸಿಎಲ್-4 ಎಂಬ ವರ್ಗದಲ್ಲಿ. ಅಬಕಾರಿ ವರ್ಷ ಜುಲೈ 1ಕ್ಕೆ ಆರಂಭ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಹೇಳಿತು. 2017ರ ಮಾರ್ಚ್ 31ರಂದು ಅದನ್ನು ಸಡಿಲಿಸಿ, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳಲ್ಲಿ ದೂರವನ್ನು 220 ಮೀಟರಿಗೆ ಇಳಿಸಿತು. ಇದರಿಂದ ಒಂದೇ ಜಿಲ್ಲೆಯ ಈ ಮೂರು ಊರುಗಳಿಗೆ ಎರಡು ಅಳತೆಯಾಯಿತು. ಬೆಂಗಳೂರು–ಹೊನ್ನಾವರ ಹೆದ್ದಾರಿಯ ಮೇಲಿರುವ ಸಾಗರ ನಗರಸಭೆಗೆ 500 ಮೀಟರ್. ಹೊಸನಗರಕ್ಕೂ ಶಿವಮೊಗ್ಗ–ಮಂಗಳೂರು ಹೆದ್ದಾರಿಯ ತೀರ್ಥಹಳ್ಳಿಗೂ, ಜನಸಂಖ್ಯೆ 20,000 ದಾಟದ ಪಟ್ಟಣ ಪಂಚಾಯಿತಿಗಳಾದ್ದರಿಂದ, 220 ಮೀಟರ್. ಮಲೆನಾಡಿನ ಪೇಟೆ ಎಂದರೆ ಮುಖ್ಯರಸ್ತೆಯ ಎರಡು ಬದಿಗೆ ಹೊಸೆದುಕೊಂಡ ಸಾಲು. 500 ಮೀಟರ್ ಆಚೆ ಹೋದರೆ ಎಷ್ಟೋ ಕಡೆ ಗದ್ದೆಯೋ ಗುಡ್ಡವೋ ಸಿಗುತ್ತದೆ.

ಕರ್ನಾಟಕದಲ್ಲಿ ಹಳೆಯ ಸನ್ನದುಗಳು ಜೂನ್ 30ರವರೆಗೆ ನಡೆದವು. ಜುಲೈ 1ರಿಂದ ಆದೇಶ ತಟ್ಟಿತು. ಜುಲೈ 11ರಂದು ಅದೇ ನ್ಯಾಯಾಲಯ, ನಗರಸಭೆ–ಪುರಸಭೆಗಳ ಎಲ್ಲೆಯೊಳಗಿನ ಸನ್ನದುಗಳಿಗೆ ತನ್ನ ಆದೇಶ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. 'ಕ್ಲಬ್ ಮುಚ್ಚಿತು' ಎಂಬ ಮಾತನ್ನು 2017ರ ಜುಲೈನ ಸುದ್ದಿಯಲ್ಲಿ ಕಂಡವರು ಈ ಹತ್ತು ದಿನಗಳನ್ನು ನೆನಪಿಡಬೇಕು. ಮುಚ್ಚಿದ್ದು ಬಾರ್. ಷಟಲ್ ಕೋರ್ಟಿಗೂ ವಾಚನಾಲಯಕ್ಕೂ ಆ ಆದೇಶ ಸೋಕಲೇ ಇಲ್ಲ. ಆದರೆ ಕ್ಲಬ್ಬಿನ ವರಮಾನ ಬಾರಿನ ಮೇಲೆ ನಿಂತಿದ್ದ ಕಡೆ ಉಳಿದದ್ದನ್ನು ನಡೆಸುವ ದಾರಿ ಕಷ್ಟವಾದದ್ದು ನಿಜ.

ತೆರಿಗೆಯದು ದೊಡ್ಡ ಕ್ಲಬ್ಬುಗಳ ತಲೆನೋವು. ಕ್ಲಬ್ ತನ್ನ ಸದಸ್ಯರಿಗೆ ಕೊಡುವುದು ಮಾರಾಟವಲ್ಲ, ತನಗೆ ತಾನೇ ಕೊಟ್ಟುಕೊಂಡಂತೆ ಎಂದು 2019ರ ಅಕ್ಟೋಬರ್ 3ರಂದು ಕಲ್ಕತ್ತಾ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರ ಹಣಕಾಸು ಕಾಯ್ದೆ 2017ರ ಜುಲೈ 1ರಿಂದಲೇ ಅನ್ವಯವಾಗುವಂತೆ ಜಿಎಸ್‌ಟಿ ಕಾನೂನು ತಿದ್ದಿ ಆ ತೀರ್ಪನ್ನು ದಾಟಿತು. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮುಟ್ಟದ ಹಳ್ಳಿ ಸಂಘಕ್ಕೆ ಇದು ತಾಗುವುದಿಲ್ಲ.

ಕೊರೊನಾ ಕಾಲ

2020ರ ಮಾರ್ಚ್ 14ರಿಂದ ರಾಜ್ಯ ಸರ್ಕಾರ ಜನ ಸೇರುವ ತಾಣಗಳನ್ನು ಒಂದು ವಾರಕ್ಕೆಂದು ಮುಚ್ಚಿಸಿತು. ಎರಡು ವಾರದೊಳಗೆ ಇಡೀ ದೇಶಕ್ಕೆ ಲಾಕ್‌ಡೌನ್ ಬಂತು. ಮೇ 9ರಿಂದ ಬಾರ್‌ಗಳ ಜೊತೆ ಕ್ಲಬ್ಬುಗಳಿಗೂ ಉಳಿದ ದಾಸ್ತಾನನ್ನು ಪಾರ್ಸೆಲ್ ಆಗಿ ಮಾರಲು ಅನುಮತಿ ಸಿಕ್ಕಿತು. ಕೂತು ಆಡಲು, ಕುಡಿಯಲು ಅಲ್ಲ. ಆಟದ ಬಾಗಿಲು ಮುಚ್ಚಿದ್ದಾಗ ಬಾಟಲಿಯ ಕಿಟಕಿ ತೆರೆದ ಸಂದರ್ಭ ಇದು.

ಆಸ್ತಿ

ನಿಜವಾದ ವಿಸರ್ಜನೆ ಅಪರೂಪವಾಗಲು ಒಂದು ಕಾರಣ ಕಾನೂನಿನಲ್ಲೇ ಇದೆ. 1860ರ ಕಾಯ್ದೆಯಲ್ಲಿ ವಿಸರ್ಜನೆಗೆ ಸದಸ್ಯರಲ್ಲಿ ಐದನೇ ಮೂರು ಭಾಗದಷ್ಟು ಜನರ ಒಪ್ಪಿಗೆ ಬೇಕಿತ್ತು. ಸಾಲ ತೀರಿಸಿದ ಮೇಲೆ ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿರಲಿಲ್ಲ. ಈ ಎರಡನೆಯ ನಿಯಮ 1960ರ ಕಾಯ್ದೆಯಲ್ಲೂ ಮುಂದುವರಿದಿದೆ: ಉಳಿಕೆ ಬೇರೊಂದು ಸಂಘಕ್ಕೆ ಹೋಗಬೇಕು. ಸರ್ಕಾರದ ಜಾಗದಲ್ಲಿ ಗುತ್ತಿಗೆಯ ಮೇಲಿರುವ ಕ್ಲಬ್ಬಾದರೆ ನೆಲದ ಮಾತೇ ಬೇರೆ. ಮಹಾಸಭೆಯ ನಡಾವಳಿ ಪುಸ್ತಕದಲ್ಲಿ ಕಡೆಯ ಠರಾವು ಬರೆಯುವವರು ಕಟ್ಟಡ, ಬ್ಯಾಂಕಿನ ಹಣ, ಕೇರಂ ಬೋರ್ಡು, ವಾಲಿಬಾಲ್ ನೆಟ್ಟು, ವಾಚನಾಲಯದ ಬೀರು ಇವೆಲ್ಲ ಯಾವ ಸಂಘಕ್ಕೆ ಸೇರಬೇಕು ಎಂಬುದನ್ನು ಹೆಸರು ಹೇಳಿ ಬರೆದು, ಆ ಪ್ರತಿಯನ್ನು ಶಿವಮೊಗ್ಗದ ನೋಂದಣಾಧಿಕಾರಿಯ ಕಚೇರಿಗೆ ತಲುಪಿಸಬೇಕು.