ಸಿಸ್ಕೊ ಫ್ಯಾಬ್ರಿಕ್ ಸರ್ವಿಸಸ್

ಸಿಸ್ಕೊ ಫ್ಯಾಬ್ರಿಕ್ ಸರ್ವಿಸಸ್ (ಸಂಕ್ಷಿಪ್ತವಾಗಿ ಸಿಎಫ್‌ಎಸ್) ಎಂಬುದು ಪರಸ್ಪರ ಜೋಡಣೆಗೊಂಡ ಅನೇಕ ನೆಟ್‌ವರ್ಕ್ ಸ್ವಿಚ್‌ಗಳಲ್ಲಿ ಒಂದೇ ಬಗೆಯ ಸಂರಚನೆ ಇರುವಂತೆ ನೋಡಿಕೊಳ್ಳುವ ತಂತ್ರಾಂಶ ವ್ಯವಸ್ಥೆ. ಅಮೆರಿಕದ ಸಿಸ್ಕೊ ಸಂಸ್ಥೆಯು ಇದನ್ನು ತನ್ನ ಎಂಡಿಎಸ್ 9000 ಶ್ರೇಣಿಯ ಸ್ವಿಚ್‌ಗಳಿಗಾಗಿ ಸ್ಯಾನ್-ಒಎಸ್ 2.0 ಆವೃತ್ತಿಯಲ್ಲಿ ಪರಿಚಯಿಸಿತು. ಅನಂತರ ಇದು ನೆಕ್ಸಸ್ ಶ್ರೇಣಿಗೂ ವಿಸ್ತರಿಸಿತು. ಒಂದು ಸ್ವಿಚ್‌ನಲ್ಲಿ ಮಾಡಿದ ಬದಲಾವಣೆಯನ್ನು ಉಳಿದವುಗಳಿಗೆ ತಲುಪಿಸುವುದು ಇದರ ಒಂದು ಕೆಲಸ. ಆ ಬದಲಾವಣೆ ಮುಗಿಯುವವರೆಗೆ ಬೇರೊಬ್ಬರು ಕೈಹಾಕದಂತೆ ಬೀಗ ಹಾಕುವುದು ಇನ್ನೊಂದು. ಇವೆರಡರಲ್ಲಿ ಬೀಗವೇ ಹೆಚ್ಚು ಗಮನಾರ್ಹವಾದುದು.

ಹಿನ್ನೆಲೆ

ಸರ್ವರ್‌ಗಳನ್ನೂ ದತ್ತಾಂಶ ಸಂಗ್ರಹಿಸುವ ಡಿಸ್ಕ್ ವ್ಯವಸ್ಥೆಗಳನ್ನೂ ಬೆಸೆಯುವ ಜಾಲಕ್ಕೆ ಸ್ಯಾನ್ ಎಂದೂ, ಅದರ ಸ್ವಿಚ್‌ಗಳ ಒಟ್ಟು ಹೆಣಿಗೆಗೆ ಫ್ಯಾಬ್ರಿಕ್ ಎಂದೂ ಹೆಸರು. ಇಲ್ಲಿ ಪ್ರತಿಯೊಂದು ಸಾಧನವನ್ನೂ 64 ಬಿಟ್‌ಗಳ ಸಂಖ್ಯೆಯೊಂದರಿಂದ ಗುರುತಿಸಲಾಗುತ್ತದೆ. ಅಂತಹ ಸಂಖ್ಯೆಗಳು ಮನುಷ್ಯರ ನೆನಪಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ನಿರ್ವಾಹಕರು ಅವಕ್ಕೆ ‘ಡಿವೈಸ್ ಅಲಿಯಾಸ್’ ಎಂಬ ಸುಲಭ ಹೆಸರುಗಳನ್ನು ಕೊಡುತ್ತಾರೆ. ಒಂದೇ ಹೆಸರು ಒಂದು ಸ್ವಿಚ್‌ನಲ್ಲಿ ಒಂದು ಸಾಧನವನ್ನೂ ಮತ್ತೊಂದರಲ್ಲಿ ಬೇರೆ ಸಾಧನವನ್ನೂ ಸೂಚಿಸಿದರೆ, ಆ ಹೆಸರನ್ನು ನಂಬಿದ ಸರ್ವರ್‌ಗೆ ತನ್ನ ಡಿಸ್ಕೇ ಕಾಣದೆ ಹೋಗಬಹುದು.

ಬೀಗವಿಲ್ಲದ ವಿತರಣೆ ಎಷ್ಟು ಅಪಾಯಕರ ಎಂಬುದಕ್ಕೆ ಸಿಸ್ಕೊದ್ದೇ ಆದ ಹಳೆಯ ವಿಟಿಪಿ ನಿಯಮಾವಳಿ ಉದಾಹರಣೆಯಾಗಿದೆ. ಅದರ 1 ಮತ್ತು 2ನೆಯ ಆವೃತ್ತಿಗಳಲ್ಲಿ, ಯಾವ ಸ್ವಿಚ್‌ನ ಪರಿಷ್ಕರಣ ಸಂಖ್ಯೆ ದೊಡ್ಡದೋ ಅದರ ವಿಲ್ಯಾನ್ ಪಟ್ಟಿಯನ್ನೇ ಉಳಿದವು ಅಂಗೀಕರಿಸುತ್ತವೆ. ಮೂಲೆಯಲ್ಲಿದ್ದ ಹಳೆಯ ಸ್ವಿಚ್ಚೊಂದನ್ನು ತಂದು ಜೋಡಿಸಿದಾಗ, ಅದರ ಡೊಮೇನ್ ಹೆಸರೂ ಗುಪ್ತಪದವೂ ಹೊಂದಿಕೆಯಾಗಿ ಸಂಖ್ಯೆ ಮಾತ್ರ ಹೆಚ್ಚಾಗಿದ್ದರೆ, ಕಾರ್ಯನಿರತ ಜಾಲದ ವಿಲ್ಯಾನ್‌ಗಳು ಕ್ಷಣಮಾತ್ರದಲ್ಲಿ ಅಳಿಸಿಹೋಗುತ್ತವೆ.

ಬೀಗದ ಕಾರ್ಯವಿಧಾನ

ಸಿಎಫ್‌ಎಸ್‌ನಲ್ಲಿ ವಿತರಣೆಯನ್ನು ಸಕ್ರಿಯಗೊಳಿಸಿದ ಸೌಲಭ್ಯವೊಂದರಲ್ಲಿ ನಿರ್ವಾಹಕರು ಮೊದಲ ಬದಲಾವಣೆಯನ್ನು ಬರೆದೊಡನೆ ಆ ಸೌಲಭ್ಯಕ್ಕೆ ಇಡೀ ಫ್ಯಾಬ್ರಿಕ್‌ನಲ್ಲಿ ಬೀಗ ಬೀಳುತ್ತದೆ. ಇದಕ್ಕೆ ಪ್ರತ್ಯೇಕ ಆದೇಶ ಬೇಕಿಲ್ಲ. ಬೀಗವು ಆಯಾ ಸೌಲಭ್ಯಕ್ಕೆ ಮಾತ್ರ ಸೀಮಿತ. ಗಡಿಯಾರ ಹೊಂದಿಸುವ ಎನ್‌ಟಿಪಿಗೆ ಬೀಗ ಬಿದ್ದಿರುವಾಗಲೂ ಡಿವೈಸ್ ಅಲಿಯಾಸ್‌ಗಳನ್ನು ತಿದ್ದಬಹುದು. ಬರೆದ ಬದಲಾವಣೆಗಳು ಒಡನೆಯೇ ಜಾರಿಗೆ ಬರದೆ ಬಾಕಿ ಪಟ್ಟಿಯೊಂದರಲ್ಲಿ ಉಳಿಯುತ್ತವೆ. ಈ ಪಟ್ಟಿ ತಾತ್ಕಾಲಿಕ ಸ್ಮೃತಿಯಲ್ಲಿರುವುದರಿಂದ ಸ್ವಿಚ್ ಮರುಪ್ರಾರಂಭಗೊಂಡರೆ ನಷ್ಟವಾಗುತ್ತದೆ.

ನಿರ್ವಾಹಕರು ‘ಕಮಿಟ್’ ಆದೇಶ ನೀಡಿದಾಗ ಬಾಕಿ ಪಟ್ಟಿಯು ಎಲ್ಲ ಸ್ವಿಚ್‌ಗಳಿಗೂ ರವಾನೆಯಾಗುತ್ತದೆ. ಹೊರಗಿನ ಸ್ವಿಚ್‌ಗಳಲ್ಲಿ ಒಂದಾದರೂ ಯಶಸ್ಸನ್ನು ವರದಿ ಮಾಡಿದರೆ ಬದಲಾವಣೆಯು ಸ್ಥಳೀಯವಾಗಿಯೂ ಜಾರಿಯಾಗಿ ಬೀಗ ತೆರೆಯುತ್ತದೆ. ಯಾವುದೂ ಯಶಸ್ಸನ್ನು ತಿಳಿಸದಿದ್ದರೆ ಅದನ್ನು ವೈಫಲ್ಯವೆಂದು ಪರಿಗಣಿಸಿ, ಯಾವ ಸ್ವಿಚ್‌ನಲ್ಲೂ ಬದಲಾವಣೆ ಮಾಡದೆ, ಬೀಗವನ್ನು ಹಾಗೆಯೇ ಉಳಿಸಿಕೊಳ್ಳಲಾಗುತ್ತದೆ. ‘ಒಂದಾದರೂ’ ಎಂಬ ಈ ಷರತ್ತನ್ನು ವಿದ್ಯಾರ್ಥಿಗಳು ಗಮನಿಸಬೇಕು: ಕಮಿಟ್ ಯಶಸ್ವಿಯಾಯಿತೆಂಬುದರಿಂದಲೇ ಎಲ್ಲ ಸ್ವಿಚ್‌ಗಳೂ ಬದಲಾದವೆಂದು ತೀರ್ಮಾನಿಸಲಾಗದು. ಕಮಿಟ್ ಆದದ್ದು ಚಾಲ್ತಿ ಸಂರಚನೆಗೆ ಮಾತ್ರ ಸೇರುತ್ತದೆ. ಮರುಪ್ರಾರಂಭದ ನಂತರವೂ ಉಳಿಯಬೇಕಾದರೆ ಅದನ್ನು ಬೇರೆಯಾಗಿ ಉಳಿಸಬೇಕು.

ಬೀಗ ಹಾಕಿದವರು ಕಮಿಟ್ ಮಾಡದೆ, ರದ್ದುಪಡಿಸದೆ ಎದ್ದುಹೋದರೆ ಉಳಿದವರ ಕೆಲಸ ನಿಲ್ಲುತ್ತದೆ. ಬೀರುವಿನ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ರಜೆಯ ಮೇಲೆ ಹೋದ ಗುಮಾಸ್ತರನ್ನು ಬಲ್ಲವರಿಗೆ ಈ ಸ್ಥಿತಿ ಹೊಸದಲ್ಲ. ಬೀಗ ಯಾವ ಸ್ವಿಚ್‌ನಿಂದ, ಯಾವ ಬಳಕೆದಾರರ ಹೆಸರಿನಲ್ಲಿ ಬಿದ್ದಿದೆ ಎಂಬುದನ್ನು ‘ಶೋ ಸಿಎಫ್‌ಎಸ್ ಲಾಕ್’ ಆದೇಶವು ತೋರಿಸುತ್ತದೆ. ಸೂಕ್ತ ಅಧಿಕಾರವುಳ್ಳವರು ಫ್ಯಾಬ್ರಿಕ್‌ನ ಯಾವುದೇ ಸ್ವಿಚ್‌ನಿಂದ ಆ ಬೀಗವನ್ನು ತೆರವುಗೊಳಿಸಬಹುದು. ಆದರೆ ಬಾಕಿ ಬದಲಾವಣೆಗಳೂ ಅದರೊಂದಿಗೆ ನಾಶವಾಗುತ್ತವೆ. ಆದುದರಿಂದ ಮೊದಲು ಹೆಸರು ನೋಡಿ ಆ ವ್ಯಕ್ತಿಯನ್ನು ವಿಚಾರಿಸುವುದೇ ವಿವೇಕ.

ವ್ಯಾಪ್ತಿ ಮತ್ತು ಪ್ರದೇಶಗಳು

ಸಂದೇಶಗಳು ಫೈಬರ್ ಚಾನೆಲ್ ಮೂಲಕ ಸಾಗಬಹುದು, ಅಥವಾ ಐಪಿ ಜಾಲದ ಮೂಲಕವೂ ಸಾಗಬಹುದು. ಐಪಿಯಲ್ಲಿ ಪೂರ್ವನಿಯೋಜಿತ ಬಹುಪ್ರಸಾರ ವಿಳಾಸ 239.255.70.83. (ಆಸ್ಕಿ ಸಂಕೇತದಲ್ಲಿ 70 ಮತ್ತು 83 ಎಂದರೆ ‘ಎಫ್’ ಮತ್ತು ‘ಎಸ್’.) ಇಲ್ಲೊಂದು ಸೂಕ್ಷ್ಮವಿದೆ. ಒಂದು ಕೆಟ್ಟರೂ ಇನ್ನೊಂದು ನಡೆಯಲೆಂದು ಸ್ಯಾನ್‌ಗಳನ್ನು ಸಾಮಾನ್ಯವಾಗಿ ಎರಡು ಪ್ರತ್ಯೇಕ ಫ್ಯಾಬ್ರಿಕ್‌ಗಳಾಗಿ ಕಟ್ಟುತ್ತಾರೆ. ಎರಡೂ ಒಂದೇ ನಿರ್ವಹಣಾ ಜಾಲದಲ್ಲಿದ್ದು ಐಪಿ ವಿತರಣೆ ಸಕ್ರಿಯವಾಗಿದ್ದರೆ, ಒಂದರಲ್ಲಿನ ತಪ್ಪು ಸಂರಚನೆ ಇನ್ನೊಂದಕ್ಕೂ ತಲುಪಿ ಆ ಪ್ರತ್ಯೇಕತೆಯ ಉದ್ದೇಶವೇ ಕೆಡುತ್ತದೆ. ಇದನ್ನು ತಡೆಯಲು ಸ್ವಿಚ್‌ಗಳನ್ನು ‘ರೀಜನ್’ ಎಂಬ ಪ್ರದೇಶಗಳಾಗಿ ವಿಂಗಡಿಸಬಹುದು. ಪೂರ್ವನಿಯೋಜಿತ ಪ್ರದೇಶದ ಸಂಖ್ಯೆ 0.

ಇತರ ವ್ಯವಸ್ಥೆಗಳು

ಯಾವುದೇ ಒಂದು ಕಂಪನಿಗೆ ಸೀಮಿತವಲ್ಲದ ನೆಟ್‌ಕಾನ್ಫ್ ಮಾನದಂಡದಲ್ಲೂ (ಆರ್‌ಎಫ್‌ಸಿ 6241, 2011) ಬೀಗವಿದೆ. ಅಲ್ಲಿ ಬೀಗವು ಬಳಕೆದಾರರ ಸಂಪರ್ಕಾವಧಿಗೆ ಕಟ್ಟುಬಿದ್ದಿದ್ದು, ಸಂಪರ್ಕ ಕಡಿದರೆ ತಾನಾಗಿಯೇ ತೆರೆಯುತ್ತದೆ. ಆದರೆ ಆ ಬೀಗವು ಒಂದು ಸಾಧನಕ್ಕಷ್ಟೇ ಅನ್ವಯಿಸುತ್ತದೆ. ಹಲವು ಸ್ವಿಚ್‌ಗಳನ್ನು ಒಟ್ಟಿಗೆ ಬದಲಿಸಬೇಕಾದರೆ ನಿರ್ವಹಣಾ ತಂತ್ರಾಂಶವು ಒಂದೊಂದಕ್ಕೂ ಬೇರೆ ಬೇರೆಯಾಗಿ ಬೀಗ ಪಡೆಯಬೇಕಾಗುತ್ತದೆ.