ಉಪ್ಪಿಗೂ ಬಂದ ಕಾಯ್ದೆ

ನಮ್ಮ ನಾಗಮಂಗಲ, ಕೆ.ಆರ್. ಪೇಟೆ ಸೀಮೆಯಲ್ಲಿ ಸೊಪ್ಪಿನ ಸಾರಿಗೆ ಕಲ್ಲುಪ್ಪೇ ಆಗಬೇಕು. ಉಪ್ಪಿನ ಕಾನೂನು ಮುರಿಯಲು 1930ರಲ್ಲಿ ಅಂಕೋಲೆಯಲ್ಲಿ ಸತ್ಯಾಗ್ರಹವೇ ನಡೆಯಿತು. ಸ್ವಾತಂತ್ರ್ಯ ಬಂದ ಮೇಲೂ ಉಪ್ಪಿಗೆ ಕಾಯ್ದೆ ತಪ್ಪಲಿಲ್ಲ. ಗಳಗಂಡ ರೋಗ ತಡೆಯಲು 1962ರಲ್ಲಿ ಯೋಜನೆ ತಂದ ಕೇಂದ್ರ ಸರ್ಕಾರ, ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಕೂಡದೆಂದು 1998ರಲ್ಲಿ ನಿಷೇಧಿಸಿತು. 2000ದಲ್ಲಿ ನಿಷೇಧ ತೆಗೆದು, 2006ರಲ್ಲಿ ಪುನಃ ಹಾಕಿತು. "ನಮ್ಮನೆ ಸಾರಿಗೆ ಯಾವ ಉಪ್ಪು ಅಂತ ದಿಲ್ಲಿಯೋರು ಹೇಳ್ಬೇಕಾ?" ಅಂತ ನಾವೂ ಗೊಣಗಿದ್ದುಂಟು. ಆದರೆ ಬಸುರಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಹುಟ್ಟುವ ಮಗುವಿನ ಬುದ್ಧಿ ಕುಂದುತ್ತದೆ. ಆ ಕೊರತೆ ನಾಲಿಗೆಗೆ ತಿಳಿಯದು. ಮಕ್ಕಳ ಸಲುವಾಗಿ ನಾವು ಈ ಕಾಯ್ದೆ ಒಪ್ಪಿದ್ದೇವೆ. ಅಡುಗೆಮನೆಗೆ ಬರುವ ಕಾಯ್ದೆ ಮೊದಲು ಕಾರಣ ಹೇಳಿ ಬರಲಿ ಎಂಬುದಷ್ಟೇ ನಮ್ಮ ವಿನಂತಿ.